ಚೆಲ್ಲಿದ ದ್ರಾವಕ, ಕಾಣದ ಆವಿ
(ಶಾಮ್‌ಬರ್ಗ್‌ನಲ್ಲಿ ನೀಡಿದ ಉಪನ್ಯಾಸ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತು ಬರುವುದೆಂದು ತಾವು ನಿರೀಕ್ಷಿಸಿರಬಹುದು. ಇಂದು ನಾವು ಆರಿಸಿಕೊಂಡ ವಿಷಯ ತಮ್ಮ ಗರಾಜಿನ ಕಪಾಟಿನಲ್ಲಿದೆ: ಪೇಂಟ್ ಥಿನ್ನರ್, ಅಸಿಟೋನ್, ಹಾಗೂ ಇಲ್ಲಿನವರು ಗ್ಯಾಸ್ ಎನ್ನುವ ಪೆಟ್ರೋಲು. ಸಭೆಯಲ್ಲಿ ಎಂಜಿನಿಯರುಗಳು ಬಹಳ ಮಂದಿ ಇರುವುದರಿಂದ ಕಾರ್ಖಾನೆಯೊಂದರಿಂದಲೇ ಆರಂಭಿಸೋಣ.

ಇಲ್ಲಿಂದ ಅರ್ಧ ಗಂಟೆಯ ಹಾದಿಯ ಬೆಲ್‌ವುಡ್‌ನಲ್ಲಿ ಯೂನಿವರ್ಸಲ್ ಫಾರ್ಮ್ ಕ್ಲ್ಯಾಂಪ್ ಎಂಬ ಕಾರ್ಖಾನೆಯಿತ್ತು. 2006ರ ಜೂನ್ 14ರಂದು ಅಲ್ಲಿ ಹೆಪ್ಟೇನ್ ಮತ್ತು ಮಿನರಲ್ ಸ್ಪಿರಿಟ್ ಎಂಬ ದ್ರಾವಕಗಳನ್ನು ಬಾಯಿ ತೆರೆದ ತೊಟ್ಟಿಯಲ್ಲಿ ಬಿಸಿಮಾಡಿ ಬೆರೆಸಲಾಗುತ್ತಿತ್ತು. ಉಷ್ಣತೆಯ ನಿಯಂತ್ರಣ ತಪ್ಪಿತು. ಆವಿಯನ್ನು ಹೊರಗೆಳೆಯಬೇಕಾದ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲ. ತೊಟ್ಟಿಯಿಂದ ಉಕ್ಕಿದ್ದು ದ್ರವವಲ್ಲ, ಆವಿ. ಅದು ನೆಲದುದ್ದಕ್ಕೂ ಹರಡಿ ಎಲ್ಲೋ ಕಿಡಿ ಕಂಡು ಹೊತ್ತಿಕೊಂಡಿತು. ಕೆಲಸಗಾರರಲ್ಲಿ ಬಹುಪಾಲು ಮಂದಿ ಅಷ್ಟರಲ್ಲಿ ಹೊರಬಿದ್ದಿದ್ದರು. ಪ್ರಾಣ ತೆತ್ತವನು ಸಾಮಾನು ತಲುಪಿಸಲು ಬಂದಿದ್ದ ಹೊರಗಿನ ಚಾಲಕ. ಕೆಮಿಕಲ್ ಸೇಫ್ಟಿ ಬೋರ್ಡಿನ ತನಿಖೆಯನ್ನು ಓದಿದಾಗ ನಮ್ಮನ್ನು ಕಾಡಿದ್ದು ಇದೇ. ಅಪಾಯ ಅಲ್ಲಿನವರ ಕಣ್ಣಿಗೆ ಬಿದ್ದಿತ್ತು, ಆದರೆ ದಾರಿಹೋಕನಿಗೆ ತಿಳಿಯಲಿಲ್ಲ.

ಹೆಪ್ಟೇನಿನ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 1ರಷ್ಟಾದರೂ ಸಾಕು, ಉರಿಯಬಲ್ಲುದು.

ಇಲ್ಲಿ ನಮ್ಮವರ ಒಂದು ಹಳೆಯ ಅನುಭವವೇ ನಮಗೆ ಮೋಸಮಾಡುತ್ತದೆ. ನಾವೆಲ್ಲ ಸೀಮೆಎಣ್ಣೆಯ ಸ್ಟೌವಿನ ಮುಂದೆ ಬೆಳೆದವರು. ಸೀಮೆಎಣ್ಣೆ ಸುಮಾರು 38 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುವವರೆಗೆ, ಕಿಡಿ ತಾಕಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡದು. ಚೆಲ್ಲಿದರೆ ಬಟ್ಟೆಯಿಂದ ಒರೆಸಿ ಅಡುಗೆ ಮುಂದುವರಿಸುತ್ತಿದ್ದೆವು. ಆ ಧೈರ್ಯವನ್ನು ಪೆಟ್ರೋಲಿನ ಮೇಲೆ ತೋರಿಸಲಾಗದು. ಅಸಿಟೋನ್ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗೂ, ಪೆಟ್ರೋಲು ಸುಮಾರು 40 ಡಿಗ್ರಿ ಕೆಳಗೂ ಅಷ್ಟು ಆವಿಯನ್ನು ಕೊಡುತ್ತವೆ. ಷಿಕಾಗೋದ ಜನವರಿಯ ಚಳಿಯೂ ಇವಕ್ಕೆ ಸಾಲದು! ಅಲ್ಲದೆ ಆ ಒಣಹವೆಯಲ್ಲಿ ಉಣ್ಣೆಯ ಸ್ವೆಟರ್ ತೆಗೆದರೆ ಚಟಚಟನೆ ಹಾರುವ ಕಿಡಿಯನ್ನು ತಾವೆಲ್ಲ ಬಲ್ಲಿರಿ. ಆದ್ದರಿಂದಲೇ ಪೆಟ್ರೋಲಿನ ಡಬ್ಬವನ್ನು ವಾಹನದೊಳಗಿಟ್ಟು ತುಂಬದೆ ನೆಲದ ಮೇಲಿಟ್ಟು ತುಂಬಬೇಕು. ಹಿಮ ತಳ್ಳುವ ಯಂತ್ರಕ್ಕೆ, ಎಂಜಿನ್ ತಣಿದ ಮೇಲೆ, ಗರಾಜಿನ ಹೊರಗೆ ತಂದು ಹಾಕಬೇಕು.

ಬೇಸ್‌ಮೆಂಟಿನಲ್ಲಿ ಥಿನ್ನರ್ ಚೆಲ್ಲಿತೆನ್ನಿ. ಎಕ್ಸಾಸ್ಟ್ ಫ್ಯಾನ್ ಹಾಕೋಣವೆಂದು ಸ್ವಿಚ್ಚಿಗೆ ಕೈಹಾಕುವುದು ಸಹಜ, ಅದೇ ತಪ್ಪು. ಸ್ವಿಚ್ಚಿನಲ್ಲಿ ಕಿಡಿಯಿದೆ. ನೀರು ಕಾಯಿಸುವ ಗ್ಯಾಸ್ ಹೀಟರಿನಲ್ಲಿ ಜ್ವಾಲೆಯಿದೆ. 2003ರ ಬಳಿಕ ತಯಾರಾದ ಮನೆಬಳಕೆಯ ಬಹುತೇಕ ಹೀಟರುಗಳಲ್ಲಿ ಆವಿಯ ಬೆಂಕಿಯನ್ನು ಒಳಗೇ ತಡೆಯುವ ರಚನೆ ಬಂದಿದೆ. ಪಕ್ಕದ ಫರ್ನೇಸಿಗೂ ಬಟ್ಟೆ ಒಣಗಿಸುವ ಯಂತ್ರಕ್ಕೂ ಆ ಭರವಸೆಯಿಲ್ಲ. ಡಬ್ಬವೇ ಮಗುಚಿದ್ದರೆ ಮನೆಮಂದಿಯೆಲ್ಲ, ಬಂದ ಅತಿಥಿಗಳೂ ಸೇರಿ, ಹೊರಗೆ ಹೋಗಿ ಅಲ್ಲಿಂದ 911ಕ್ಕೆ ಕರೆ ಮಾಡುವುದು. ನೀರು ಸುರಿದು ಮೋರಿಗೆ ತಳ್ಳಬಾರದು, ಇಂಥ ದ್ರಾವಕಗಳಲ್ಲಿ ಹಲವು ನೀರಿನ ಮೇಲೆ ತೇಲುತ್ತವೆ. ತೆರೆದ ಜಾಗದಲ್ಲಿ ಒಂದು ಲೋಟದಷ್ಟು ಚೆಲ್ಲಿದ್ದರೆ ಬೆಕ್ಕಿನ ತಟ್ಟೆಗೆ ಹಾಕುವ ಜೇಡಿಮಣ್ಣಿನ ಹರಳು ಸುರಿದು, ಹೀರಿದ ಮೇಲೆ ಮುಚ್ಚಳವಿರುವ ಲೋಹದ ಡಬ್ಬಕ್ಕೆ ತುಂಬಿ ಮನೆಯಿಂದ ದೂರ ಇರಿಸಿದರಾಯಿತು. ಮರಕ್ಕೆ ಬಳಿಯುವ ಅಗಸೆ ಎಣ್ಣೆಯ ಚಿಂದಿಗಳ ವಿಷಯ ಬೇರೆ: ಅವು ಮುದ್ದೆಯಾಗಿ ಬಿದ್ದಿದ್ದರೆ ತಾವೇ ಕಾದು ಹೊತ್ತಿಕೊಳ್ಳುತ್ತವೆ. 1991ರಲ್ಲಿ ಫಿಲಡೆಲ್ಫಿಯಾದ ವನ್ ಮೆರಿಡಿಯನ್ ಪ್ಲಾಜಾದ ಬೆಂಕಿ ಅಂಥ ಚಿಂದಿಗಳಿಂದ ಹುಟ್ಟಿತು. ಮೂವರು ಅಗ್ನಿಶಾಮಕರು ಸತ್ತರು.

ಇನ್ನು ನಮ್ಮ ವೃತ್ತಿಯ ಮಾತು. ಊರಿನಲ್ಲಿ ಹೌಸ್‌ಸರ್ಜನ್ಸಿಯ ದಿನಗಳಲ್ಲಿ ನಾವು ಕಂಡ ಮಕ್ಕಳಲ್ಲಿ ಹಲವರು ತಂಪುಪಾನೀಯದ ಬಾಟಲಿಯಲ್ಲಿಟ್ಟ ಸೀಮೆಎಣ್ಣೆ ಕುಡಿದವರು. ಅಜ್ಜಿಯರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಕರೆತರುತ್ತಿದ್ದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಈ ಎಣ್ಣೆಗಳು ಹೊಟ್ಟೆಯಲ್ಲಿರುವಾಗ ಮಾಡುವ ಕೇಡಿಗಿಂತ ವಾಂತಿಯಾಗುವಾಗ ಶ್ವಾಸಕೋಶಕ್ಕಿಳಿದು ಮಾಡುವ ಕೇಡು ಹೆಚ್ಚು. ವಾಂತಿ ಮಾಡಿಸಕೂಡದು. ಮಗು ಕೆಮ್ಮುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ, ಮಂಕಾಗಿದ್ದರೆ 911. ಚೆನ್ನಾಗಿದ್ದಂತೆ ಕಂಡರೂ ತಕ್ಷಣ ವಿಷಮಾಹಿತಿ ಕೇಂದ್ರಕ್ಕೆ, 1-800-222-1222. ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ ಸಾಬೂನು ನೀರಿನಲ್ಲಿ ತೊಳೆಯುವುದು; ತೋಯ್ದ ಬಟ್ಟೆಯನ್ನು ಡ್ರೈಯರಿಗೆ ಹಾಕಲಾಗದು.

ಉಳಿದ ಥಿನ್ನರನ್ನು ಏನು ಮಾಡುವುದೆಂದು ಈಗಾಗಲೇ ಒಬ್ಬ ತಾಯಿ ಕೇಳಿದರು. ನೇಪರ್‌ವಿಲ್‌ನಲ್ಲಿ ಮನೆಗಳ ಅಪಾಯಕಾರಿ ತ್ಯಾಜ್ಯವನ್ನು ವಾರಾಂತ್ಯದಲ್ಲಿ ಸ್ವೀಕರಿಸುವ ಕೇಂದ್ರವಿದೆ. ಅದರ ಮೂಲ ಡಬ್ಬದಲ್ಲೇ, ಮುಚ್ಚಳ ಬಿಗಿಮಾಡಿ, ಡಿಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಹೋಗಿರಿ.