ಬಣ್ಣ ಹೊಡಿಯೋ ಮುಂಚೆ ಬಣ್ಣ ಕೆರೀರಿ: ಲಿಂಗಂಪಲ್ಲಿಯಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಥಂಡರ್‌ಬರ್ಡ್

(ವಿಡಿಯೋ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ನಾನು ಬೀದರ್‌ನವನು. ಹೈದರಾಬಾದ್‌ಗೆ ಬಂದು ಹನ್ನೊಂದು ವರ್ಷ ಆಯ್ತು, ಅದರಲ್ಲಿ ಎಂಟು ವರ್ಷ ಲಿಂಗಂಪಲ್ಲಿಯಲ್ಲೇ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದ್ರೆ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕೋದೇ ನನ್ನ ಹೊಟ್ಟೆಪಾಡು. ಅಂಥವನು ಒಂದು ಹಳೇ ಬೈಕ್ ಕೊಳ್ಳೋವಾಗ ಮಾತ್ರ ಏನೂ ಟೆಸ್ಟ್ ಮಾಡದೆ ದುಡ್ಡು ಎಣಿಸಿ ಕೊಟ್ಟೆ. ಇವತ್ತು ಹೇಳೋದು ಆ ಕಥೆ. ಮಧ್ಯದಲ್ಲಿ ಪೇಂಟಿಂಗ್, ಮಾಡಿಫಿಕೇಶನ್, ಆರ್‌ಟಿಒ ಎಲ್ಲ ಬರುತ್ತೆ.

ಲಿಂಗಂಪಲ್ಲಿಯಲ್ಲಿ ನಮ್ಮ ಕಡೆಯವರು ಯಾಕೆ ಜಾಸ್ತಿ ಅಂತ ನಿಮಗೆ ಗೊತ್ತು. ಗಚ್ಚಿಬೌಲಿ ಆಫೀಸುಗಳು ಹತ್ತಿರ. ಊರಿಗೆ ಹೋಗೋ ಮುಂಬೈ ಹೆದ್ದಾರಿ ಮನೆ ಬಾಗಿಲಲ್ಲೇ. ಬಿಎಚ್‌ಇಎಲ್ ದಾಟಿ, ಪಟಾನ್‌ಚೆರು, ಸಂಗಾರೆಡ್ಡಿ ಕ್ರಾಸ್, ಸದಾಶಿವಪೇಟೆ, ಜಹೀರಾಬಾದ್, ಅಲ್ಲಿ ಬಲಕ್ಕೆ ತಿರುಗಿದರೆ ಬೀದರ್. ಹೆಚ್ಚುಕಮ್ಮಿ 120 ಕಿಲೋಮೀಟರ್. ಊರಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಎರಡು ವಾರಕ್ಕೊಮ್ಮೆ ಹೋಗಿ ಬರೋಕೆ, ಕೆಲವು ಸಲ ಅವಳನ್ನ ಕರ್ಕೊಂಡು ಬರೋಕೆ ಒಂದು ಟೂರಿಂಗ್ ಬೈಕ್ ಬೇಕು ಅನ್ನಿಸಿತು. ಹೊಸದಕ್ಕೆ ಮತ್ತೊಂದು ಇಎಂಐ ಬೇಡ ಅಂತ ಹಳೇದು ಹುಡುಕ್ತಾ ಇದ್ದೆ.

2023ರ ಅಕ್ಟೋಬರ್. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಕನ್ನಡದವರು ಕೆಲಸದ ಮೇಲೆ ಹೊರದೇಶಕ್ಕೆ ಹೊರಟಿದ್ದರು. ಅವರ ಹತ್ತಿರ 2014ರ ಥಂಡರ್‌ಬರ್ಡ್ 350. 20 ಲೀಟರ್ ಟ್ಯಾಂಕ್, ನೆಟ್ಟಗೆ ಕೂತು ಓಡಿಸೋ ಸೀಟು, ಕೆಎ ನಂಬರ್ ಪ್ಲೇಟು, ಮೈತುಂಬ ಹೊಳೆಯೋ ಕೆಂಪು ಬಣ್ಣ. ಪರಸ್ಥಳದಲ್ಲಿ ಕೆಎ ಪ್ಲೇಟ್ ಕಂಡರೆ ನಮಗೆಲ್ಲ ಏನಾಗುತ್ತೆ ಹೇಳಿ? ಸಿಗ್ನಲ್‌ನಲ್ಲಿ ಗುರುತಿಲ್ಲದವರಿಗೂ ನಕ್ಕುಬಿಡ್ತೀವಿ. ಅವರು ಚಹಾ ಕೊಟ್ಟರು, ಹುಬ್ಬಳ್ಳಿ ಬೀದರ್ ಅಂತ ಒಂದು ತಾಸು ಮಾತಾಡಿದ್ವಿ. ಚೌಕಾಶಿ ಮಾಡೋಕೂ ನಾಚಿಕೆ ಆಯ್ತು. 72,000ಕ್ಕೆ ವ್ಯಾಪಾರ ಮುಗೀತು.

ಆರ್‌ಸಿಯಲ್ಲಿ ಬಣ್ಣದ ಕಾಲಮ್ಮಿನಲ್ಲಿ "ಕಪ್ಪು" ಅಂತಿತ್ತು. ಎದುರಿಗಿದ್ದದ್ದು ಕೆಂಪು ಗಾಡಿ. ನೋಡಿದೆ. "ಯಾರೋ ಶೋಕಿಗೆ ಬದಲಾಯಿಸಿರಬೇಕು" ಅಂದ್ಕೊಂಡು ಸುಮ್ಮನಾದೆ. ಇದೇ ತಪ್ಪನ್ನ ಆಫೀಸಿನಲ್ಲಿ ಹೊಸ ಹುಡುಗ ಮಾಡಿದ್ದರೆ ಅರ್ಧ ದಿನ ಪಾಠ ಹೇಳ್ತಿದ್ದೆ.

ಎರಡು ತಿಂಗಳಲ್ಲಿ ಮೂರು ಸಲ ಬೀದರ್‌ಗೆ ಹೋಗಿ ಬಂದೆ. ಮೂರನೇ ಸಲ ವಾಪಸ್ ಬರೋವಾಗ ಹಿಂದೆ ಅವ್ವ ಕೂತಿದ್ದಳು. ಹೆದ್ದಾರಿಯಲ್ಲಿ ಎಂಬತ್ತು, ತೊಂಬತ್ತು.

ಡಿಸೆಂಬರ್‌ನಲ್ಲಿ ಬಣ್ಣ ಬದಲಾಯಿಸೋ ಆಸೆ ಬಂತು. ಮನಸ್ಸಿನಲ್ಲಿದ್ದದ್ದು ಮಿಲಿಟರಿ ಹಸಿರು. ಲಿಂಗಂಪಲ್ಲಿ ಸ್ಟೇಶನ್ ಹಿಂದಿನ ಗಲ್ಲಿಯಲ್ಲಿ ಒಬ್ಬ ಉಸ್ತಾದ್ ಇದ್ದಾರೆ, ಗಾಡಿಗಳ ಟಿಂಕರಿಂಗ್, ಪೇಂಟಿಂಗ್ ಮಾಡ್ತಾರೆ. ಅವರ ಹತ್ತಿರ ಹೋಗಿ ಫೋನಿನಲ್ಲಿ ಫೋಟೋ ತೋರಿಸಿದೆ. ನೋಡಿ, "ನಕ್ಕೋ ಸಾಬ್, ಯೇ ಫೌಜ್ ಕಾ ಕಲರ್ ಹೈ" ಅಂದರು. ನಾನು ಬರೀ ಅವರ ಮಡಿ ಅಂದ್ಕೊಂಡೆ. ಮನೆಗೆ ಬಂದು ಓದಿದರೆ ನಿಜ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಅಂತಿದೆ: ರಕ್ಷಣಾ ಇಲಾಖೆಯ ವಾಹನಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಳಿಯೋ ಹಾಗಿಲ್ಲ. ಆ ಬಣ್ಣ ತಲೆಯಲ್ಲಿ ಇಟ್ಟುಕೊಂಡವರು ಈಗಲೇ ಬಿಟ್ಟುಬಿಡಿ.

ಉಸ್ತಾದ್ ಆಮೇಲೆ ಮಾಡಿದ ಕೆಲಸ ನೋಡಿ. ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದರು. ಕಾಗದದಲ್ಲಿ ಸುತ್ತಿ ಟ್ಯಾಂಕಿನ ಮೇಲೆ ಇಟ್ಟರು. ಬಲಗಡೆ ಗಟ್ಟಿಯಾಗಿ ಹಿಡೀತು. ಎಡಗಡೆ ಮೊಣಕಾಲು ತಾಗೋ ಜಾಗದಲ್ಲಿ ಜಾರಿ ಕೆಳಗೆ ಬಿತ್ತು. ಮತ್ತೊಮ್ಮೆ ಇಟ್ಟರು, ಮತ್ತೆ ಬಿತ್ತು. ಟ್ಯಾಂಕ್ ಉಕ್ಕಿನದು, ತೆಳು ಬಣ್ಣದ ಮೇಲೂ ಅಯಸ್ಕಾಂತ ನಿಲ್ಲಬೇಕು. ನಿಲ್ಲಲ್ಲ ಅಂದ್ರೆ ಅಲ್ಲಿ ದಪ್ಪಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ನನ್ನ ಮುಖ ನೋಡಿ ಒಂದೇ ಮಾತು ಹೇಳಿದರು: "ಪೆಹಲೆ ಕಲರ್ ನಿಕಾಲೋ ಸಾಬ್, ಬಾದ್ ಮೆ ಮಾರೋ." ಮೊದಲು ಇರೋ ಬಣ್ಣ ತೆಗೀರಿ, ಆಮೇಲೆ ಹೊಡೀರಿ.

ಟ್ಯಾಂಕ್ ಬಿಚ್ಚಿ ಪೆಟ್ರೋಲ್ ಖಾಲಿ ಮಾಡಿ ಕೆರೆದರು. ಕೆಂಪಿನ ಕೆಳಗೆ ಬೂದು ಪುಟ್ಟಿ, ಪುಟ್ಟಿಯ ಕೆಳಗೆ ಅಂಗೈ ಅಗಲದ ತಗ್ಗು, ತಗ್ಗಿನ ಅಂಚಿನಲ್ಲಿ ಕಂಪನಿಯ ಕಪ್ಪು. ಆ ತಗ್ಗು ಹ್ಯಾಂಡಲ್ ಪೂರ್ತಿ ತಿರುಗಿ ಬಡಿದರೆ ಆಗೋ ತಗ್ಗು. ಉಸ್ತಾದ್ ಮಾತಾಡದೆ ಬಗ್ಗಿ ಹ್ಯಾಂಡಲ್ ಕೆಳಗಿನ ಸ್ಟಾಪರ್ ತೋರಿಸಿದರು. ಅದೂ ಒಂದು ಕಡೆ ನಜ್ಜಾಗಿತ್ತು. ಗಾಡಿ ಮುಂದಿನಿಂದ ಯಾವುದಕ್ಕೋ ಜೋರಾಗಿ ಹೊಡೆದಿತ್ತು.

ಪಕ್ಕದ ಮೆಕ್ಯಾನಿಕ್ ಮುಂದಿನ ಫೋರ್ಕ್ ಪೈಪುಗಳನ್ನ ಬಿಚ್ಚಿ ಸಪಾಟಾದ ಗಾಜಿನ ಮೇಲೆ ಉರುಳಿಸಿದರು. ನೆಟ್ಟಗಿದ್ದರೆ ಪೈಪು ಒಂದೇ ಸಮ ಉರುಳುತ್ತೆ. ನಮ್ಮದು ಕುಂಟುತ್ತಾ ಉರುಳಿತು, ಎರಡೂ. ಅಂದ್ರೆ ಬಗ್ಗಿದ ಫೋರ್ಕ್ ಮೇಲೆ, ಎಬಿಎಸ್ ಇಲ್ಲದ ಗಾಡಿಯಲ್ಲಿ, ತೊಂಬತ್ತರ ವೇಗದಲ್ಲಿ ಅವ್ವನ್ನ ಕೂರಿಸಿಕೊಂಡು ಬಂದಿದ್ದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. ಬೈಯಬೇಕು ಅಂತಲೇ ಮಾಡಿದ್ದು. ಅವರು ನಿಜವಾಗಲೂ ಗಾಬರಿಯಾದರು. ಅವರು ಕೊಂಡಾಗಲೇ ಗಾಡಿ ಕೆಂಪಗಿತ್ತಂತೆ. ನಾಲ್ಕು ವರ್ಷ ಅವರೂ ಅದರ ಮೇಲೆ ಹೆಂಡತಿ ಮಗುವನ್ನ ಕೂರಿಸಿಕೊಂಡು ಓಡಾಡಿದ್ದರು. ಅವರೂ ಕೆಎ ಪ್ಲೇಟ್ ನೋಡಿಯೇ ಕೊಂಡಿದ್ದರು. ಇನ್ನೇನು ಬೈಯೋದು?

ಸರಿ, ಈಗ ಉಪಯೋಗದ ಮಾತು. ಹಳೇ ಗಾಡಿ ನೋಡೋಕೆ ಹೋದಾಗ ಹತ್ತು ನಿಮಿಷದಲ್ಲಿ ನೀವೇ ಮಾಡಬಹುದಾದ ಟೆಸ್ಟ್‌ಗಳು ಇವು. ಆರ್‌ಸಿಯ ಬಣ್ಣ, ಗಾಡಿಯ ಬಣ್ಣ ಒಂದೇ ಇದೆಯಾ ನೋಡಿ. ಬೇರೆ ಇದ್ದರೆ ಯಾಕೆ ಅಂತ ಕೇಳಿ. ಟ್ಯಾಂಕಿನ ಎರಡೂ ಬದಿಗೆ ಅಯಸ್ಕಾಂತ ಇಟ್ಟು ನೋಡಿ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಸ್ಟಾಪರ್ ಸರಿ ಇದೆಯಾ ನೋಡಿ. ಹಿಂದೆ ನಿಂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯಾ ನೋಡಿ, ಟೈರ್ ಒಂದೇ ಮಗ್ಗುಲು ಸವೆದಿದೆಯಾ ನೋಡಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ಹಾಕಿ. ಕೊನೆಗೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಹಿಡಿತ ಸ್ವಲ್ಪ ಸಡಿಲ ಮಾಡಿ, ಗಾಡಿ ಯಾವ ಕಡೆಗೆ ಎಳೀತಿದೆ ನೋಡಿ. ಮಾರೋರು ನಿಮ್ಮ ಊರಿನವರೇ ಆಗಿದ್ದರೂ ಇಷ್ಟನ್ನೂ ಮಾಡಿ. ಅವರಿಗೇ ಗೊತ್ತಿಲ್ಲದೇ ಇರಬಹುದು.

ರಿಪೇರಿಗೆ ಬರೋಣ. ಪುಣ್ಯಕ್ಕೆ ಚಾಸಿಸ್ ನೆಟ್ಟಗಿತ್ತು. ಎರಡೂ ಫೋರ್ಕ್ ಪೈಪು, ಕೆಳಗಿನ ಟಿ, ಕೋನ್ ಸೆಟ್, ಆಯಿಲ್ ಸೀಲ್, ಕೂಲಿ ಸೇರಿ 14,500. ಎರಡು ಟೈರು 6,800. ಬಣ್ಣಕ್ಕೆ ಅಂತ ಎತ್ತಿಟ್ಟ ಹತ್ತು ಸಾವಿರ ಬಣ್ಣ ಹತ್ತೋ ಮುಂಚೆನೇ ಹೋಗಿತ್ತು.

ಇನ್ನು ಬಣ್ಣ. ಹಸಿರು ಹೋಯ್ತು, ಕೆಂಪು ನೋಡಿದರೆ ಹೊಟ್ಟೆ ತೊಳೆಸ್ತಿತ್ತು. ಆರ್‌ಸಿಯಲ್ಲಿ ಇರೋ ಕಪ್ಪೇ ಇರಲಿ ಅಂದೆ. ಬಣ್ಣ ಬದಲಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು, ಆ ಓಡಾಟವೂ ತಪ್ಪಿತು. ಬರೀ ಕಪ್ಪು ಸಪ್ಪೆ ಅನ್ನಿಸಿದಾಗ ನೆನಪಾದದ್ದು ಬಿದ್ರಿ. ನಮ್ಮೂರಿನ ಬಿದ್ರಿ ಹೂಜಿ, ತಟ್ಟೆ ನೀವು ನೋಡಿರ್ತೀರಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ತಾರೆ, ಉಳಿಯಿಂದ ಕೆತ್ತಿ ಬೆಳ್ಳಿ ತಂತಿ ಕೂರಿಸ್ತಾರೆ. ಕೊನೆಗೆ ಕೋಟೆಯೊಳಗಿನ ಮಣ್ಣು, ನವಸಾಗರ ಕಲಸಿ ಬಿಸಿಯಾಗಿ ಉಜ್ಜಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಹೊಳೀತದೆ. ಅಂದ್ರೆ ಬಿದ್ರಿಯ ಕಪ್ಪು ಮೇಲೆ ಬಳಿದದ್ದಲ್ಲ, ಲೋಹದಿಂದಲೇ ಬಂದದ್ದು. ಪುಟ್ಟಿ ತುಂಬಿದ ಟ್ಯಾಂಕ್ ನೋಡಿದ ಮೇಲೆ ಆ ಕಪ್ಪು ನನಗೆ ತುಂಬ ಇಷ್ಟವಾಯ್ತು. ಚೌಬಾರಾ ಹತ್ತಿರದ ಒಬ್ಬ ಕಸುಬುದಾರರ ಪಕ್ಕ ಕೂತು ಒಂದು ಬಳ್ಳಿಯ ಅಂಚನ್ನ ಕಾಗದದ ಮೇಲೆ ಬರೆಸಿಕೊಂಡು ಬಂದೆ.

ಉಸ್ತಾದ್ ಮಾಡಿದ ಕ್ರಮ ಹೇಳ್ತೀನಿ. ಟ್ಯಾಂಕಿನ ತಗ್ಗನ್ನ ಬಿಸಿ ಮಾಡದೆ ಎಳೆದು ಎತ್ತಿದರು. ಖಾಲಿ ಟ್ಯಾಂಕ್ ಅಂತ ವೆಲ್ಡಿಂಗ್ ಹಿಡಿಯೋರ ಹತ್ತಿರ ಹೋಗಬೇಡಿ, ಒಳಗಿನ ಪೆಟ್ರೋಲ್ ಆವಿ ಸಾಕು ಟ್ಯಾಂಕ್ ಸಿಡಿಯೋಕೆ. ಆಮೇಲೆ ಬರೀ ಲೋಹದ ಮೇಲೆ ಎಪಾಕ್ಸಿ ಪ್ರೈಮರ್, ಬೇಕಾದಲ್ಲಿ ತೆಳುವಾಗಿ ಪುಟ್ಟಿ, 400ರಿಂದ 800ರವರೆಗೆ ವಾಟರ್ ಪೇಪರ್ ಉಜ್ಜೋದು. ಈ ಉಜ್ಜೋದೇ ನಾಲ್ಕು ದಿನ. ಕಪ್ಪು ಹೊಡೆದದ್ದು ಒಂದು ಮಧ್ಯಾಹ್ನ, ತೆಳುವಾಗಿ ಮೂರು ಸಲ. ಬೆಳ್ಳಿ ಗೆರೆಗಳನ್ನ ಉದ್ದ ಕೂದಲಿನ ಬ್ರಶ್ಶಿನಲ್ಲಿ ಕೈಯಿಂದಲೇ ಎಳೆದರು. ಬುಲೆಟ್ ಟ್ಯಾಂಕಿನ ಬಂಗಾರದ ಗೆರೆಗಳನ್ನ ಚೆನ್ನೈ ಕಾರ್ಖಾನೆಯಲ್ಲಿ ಒಂದೇ ಮನೆತನದವರು ಕೈಯಲ್ಲೇ ಎಳೀತಾ ಬಂದಿದ್ದಾರೆ, ಗೊತ್ತಲ್ವಾ? ಅದೇ ಥರ. ಗೆರೆಗಳ ಮೇಲೆ ಕ್ಲಿಯರ್ ಕೋಟ್. ಸ್ಟಿಕ್ಕರ್, ಗೆರೆ ಏನೇ ಇದ್ದರೂ ಕ್ಲಿಯರ್ ಕೋಟಿನ ಕೆಳಗಿರಬೇಕು, ಇಲ್ಲಾಂದ್ರೆ ಪೆಟ್ರೋಲ್ ಚೆಲ್ಲಿದ ದಿನವೇ ಕರಗುತ್ತೆ. ಒಟ್ಟು ಹನ್ನೆರಡು ದಿನ, 11,000 ರೂಪಾಯಿ.

ಫ್ಲ್ಯಾಟಿನ ಬಾಲ್ಕನಿಯಲ್ಲಿ ಯೂಟ್ಯೂಬ್ ನೋಡಿ ತಾವೇ ಸ್ಪ್ರೇ ಮಾಡೋರಿಗೆ ಒಂದು ಮಾತು. ಕ್ಲಿಯರ್ ಕೋಟಿಗೆ ಬೆರೆಸೋ ಹಾರ್ಡ್‌ನರ್‌ನಲ್ಲಿ ಐಸೋಸೈನೇಟ್ ಇರುತ್ತೆ, ಅದು ಉಸಿರಾಟಕ್ಕೆ ಸೇರಿದರೆ ಆಸ್ತಮಾ ಹತ್ತುತ್ತೆ. ಬಟ್ಟೆಯ ಮಾಸ್ಕ್ ಅದನ್ನ ತಡೆಯಲ್ಲ. ಮಳೆಗಾಲದಲ್ಲಂತೂ ಹೊಡೆಸಲೇಬೇಡಿ, ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತೆ.

ಮಾಡಿಫಿಕೇಶನ್ ಅಂತ ನಾನು ಮಾಡಿದ್ದು ಎರಡೇ. ಬ್ಯಾಗ್ ಕಟ್ಟೋ ಸ್ಟೇ ಹಾಕಿಸಿದೆ, ಹಿಂದಿನ ಸೀಟಿಗೆ ಫೋಮ್ ಬದಲಾಯಿಸಿದೆ. ಎರಡೂ ಸೇರಿ 5,000. ಸೈಲೆನ್ಸರ್, ದಪ್ಪ ಟೈರ್, ಬೇರೆ ಹ್ಯಾಂಡಲ್ ಮುಟ್ಟಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ದೊಡ್ಡ ಸದ್ದಿನ ಸೈಲೆನ್ಸರ್‌ಗಳನ್ನ ರಸ್ತೆ ಮೇಲೆ ಸಾಲಾಗಿ ಇಟ್ಟು ಪೊಲೀಸರು ರೋಡ್ ರೋಲರ್ ಹರಿಸಿದ ವಿಡಿಯೋ ನೀವೂ ನೋಡಿರ್ತೀರಿ.

ಇನ್ನು ಉಳಿದದ್ದು ಆ ಕೆಎ ಪ್ಲೇಟು. ಕಾಯ್ದೆ ಪ್ರಕಾರ ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿ ಮರುನೋಂದಣಿ ಮಾಡಿಸಬೇಕು. ಮೂಲ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಇಲ್ಲಿ ತೆರಿಗೆ, ತಪಾಸಣೆ. ತಪಾಸಣೆಯಲ್ಲಿ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಅಚ್ಚು ತೆಗೀತಾರೆ. ಅದಕ್ಕೇ ಚಾಸಿಸ್‌ಗೆ ಪೌಡರ್ ಕೋಟಿಂಗ್ ಮಾಡಿಸೋರು ಆ ನಂಬರಿನ ಜಾಗ ಮುಚ್ಚಿಸಿ ಮಾಡಿಸಿ. ಎಷ್ಟೋ ಜನ ನಮ್ಮವರು ಕೆಎ ಪ್ಲೇಟ್ ಬಿಡೋಕೆ ಮನಸ್ಸಿಲ್ಲದೆ ವರ್ಷಗಟ್ಟಲೆ ಹಾಗೇ ಓಡಿಸ್ತಾರೆ. ನನಗೂ ಹೊಟ್ಟೆ ಚುರುಕ್ ಅಂತು. ಆದ್ರೆ ಆ ಪ್ಲೇಟಿನ ಮೋಹದಲ್ಲೇ ತಾನೇ ಕಣ್ಣು ಮುಚ್ಚಿ ಕೊಂಡಿದ್ದು? 2024ರಲ್ಲಿ ಬದಲಾಯಿಸಿದೆ. ಆ ವರ್ಷ ಮಾರ್ಚ್‌ನಿಂದ ತೆಲಂಗಾಣದಲ್ಲಿ ಟಿಎಸ್ ಹೋಗಿ ಟಿಜಿ ಬಂದಿತ್ತು, ನಮ್ಮ ಗಾಡಿಗೂ ಟಿಜಿಯೇ ಸಿಕ್ಕಿತು.

ಗಾಡಿ ತಯಾರಾದ ಮೊದಲ ಶನಿವಾರ ಬೀದರ್‌ಗೆ ಹೋದೆ. ಅವ್ವ ಅಂಗಳಕ್ಕೆ ಬಂದು ಟ್ಯಾಂಕ್ ಮೇಲೆ ಕೈಯಾಡಿಸಿದಳು. "ಬಿದ್ರಿ ಮಾಡಸೀ ಏನೋ ತಮ್ಮ ಫಟಫಟಿಗೆ" ಅಂತ ನಕ್ಕಳು. ನಾನು ಫೋರ್ಕಿನ ವಿಷಯ ಮುಚ್ಚಿಡಬೇಕು ಅಂದ್ಕೊಂಡಿದ್ದೆ, ಆಗಲಿಲ್ಲ. ಎಲ್ಲ ಹೇಳಿದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ನನಗ ಅವತ್ತೇ ಅನಸಿತ್ತು. ಗಾಡಿ ಒಂದೇ ಸವನ ಎಡಕ್ಕ ಎಳೀಲಾಕತ್ತಿತ್ತು. ನೀ ಖುಷಿಲಿ ಹೊಡೀಲಾಕತ್ತಿದ್ದಿ, ಹ್ಯಾಂಗ ಹೇಳ್ಲಿ ಅಂತ ಬಾಯಿ ಮುಚ್ಕೊಂಡು ಕುಂತೆ."

ನಾನು ಅವಳ ಮುಂದೆ ತಪ್ಪು ಮುಚ್ಚಿಡೋಕೆ ನೋಡಿದ್ದೆ, ಅವಳು ನನ್ನ ಮುಂದೆ ಭಯ ಮುಚ್ಚಿಟ್ಟಿದ್ದಳು. ಅದಕ್ಕೇ ಗಾಡಿ ಕೊಂಡ ಮೇಲೆ ಹಿಂದೆ ಕೂರೋರನ್ನೂ ಒಂದು ಮಾತು ಕೇಳಿ. ಹ್ಯಾಂಡಲ್ ಹಿಡಿದವನಿಗೆ ಗೊತ್ತಾಗದ್ದು ಅವರಿಗೆ ಗೊತ್ತಾಗಿರುತ್ತೆ.

ಮರುದಿನ ಇಬ್ಬರೂ ಲಿಂಗಂಪಲ್ಲಿಗೆ ಹೊರಟ್ವಿ. ಜಹೀರಾಬಾದ್ ದಾಟಿದ ಮೇಲೆ ಕೇಳಿದೆ, "ಈಗ ಹೆಂಗದ ಅವ್ವ?" ಹಿಂದಿನಿಂದ ಉತ್ತರ ಬಂತು: "ನೆಟ್ಟಗದ. ಆದ್ರ ಎಪ್ಪತ್ತರ ಮ್ಯಾಲ ಬ್ಯಾಡ."

ಎಪ್ಪತ್ತರಲ್ಲೇ ಬಂದ್ವಿ.