ಕಿವಿಗೊಟ್ಟದ್ದಕ್ಕೆ ವಂದನೆ



ನಿಮ್ಮಲ್ಲಿ ಕ್ರೈಸ್ತ ಮನೆಗಳಿಂದ ಬಂದವರಿಗೆ ಇದು ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಸಭೆಯಲ್ಲಿ ‘ಕೃತಜ್ಞತಾ ಕಾಣಿಕೆ’ ಎಂಬ ಪುಟ್ಟ ಲಕೋಟೆಯೊಂದು ಇರುತ್ತದೆ. ಅದರ ಮೇಲೆ ಹೆಸರು, ಮೊತ್ತ, ಕಾರಣ ಎಂದು ಮೂರು ಗೆರೆಗಳು. ಭಾನುವಾರದ ಆರಾಧನೆಯಲ್ಲಿ ಅವನ್ನು ಓದಿ ಹೇಳುತ್ತಾರೆ. ಮಗ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ, ಮಗಳಿಗೆ ಸುಖಪ್ರಸವವಾದದ್ದಕ್ಕೆ, ಜ್ವರ ಬಿಟ್ಟದ್ದಕ್ಕೆ, ಮನೆ ಕಟ್ಟಿ ಮುಗಿದದ್ದಕ್ಕೆ. ಚಿಕ್ಕಂದಿನಲ್ಲಿ ನನಗೆ ಅದೆಲ್ಲ ರಸೀದಿ ಪುಸ್ತಕದಂತೆ ಕಾಣುತ್ತಿತ್ತು. ಕೇಳಿದೆವು, ಬಂತು, ಲೆಕ್ಕ ಚುಕ್ತಾ.

ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ತಂದೆಯವರು ಕಾಯಿಲೆ ಬಿದ್ದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಆ ಹನ್ನೊಂದು ದಿನ ಪ್ರಾರ್ಥಿಸಿದಷ್ಟು ನಾನು ಅದಕ್ಕೆ ಮೊದಲು ಪ್ರಾರ್ಥಿಸಿರಲಿಲ್ಲ, ಆಮೇಲೂ ಬಹುಶಃ ಇಲ್ಲ. ಹನ್ನೆರಡನೆಯ ದಿನ ಬೆಳಗಿನ ಜಾವ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲಿನ ಭಾನುವಾರ ಅಮ್ಮ ಲಕೋಟೆಗೆ ಇಪ್ಪತ್ತು ರೂಪಾಯಿ ಹಾಕಿ, ಕಾರಣದ ಗೆರೆಯ ಮೇಲೆ ‘ದೇವರು ಪ್ರಾರ್ಥನೆಗೆ ಕಿವಿಗೊಟ್ಟದ್ದಕ್ಕೆ’ ಎಂದು ಬರೆದಳು. ಅದನ್ನು ಓದಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದವನೇ ರೇಗಿದೆ.

“ಏನು ಕೇಳಿಸಿಕೊಂಡನಮ್ಮಾ ದೇವರು? ಅಪ್ಪ ಹೋದರಲ್ಲ!”

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. “ಕೇಳಿಸಿಕೊಂಡ ಅಂತ ಬರೆದಿದ್ದೀನಿ ಕಣೋ. ಕೊಟ್ಟ ಅಂತ ಬರೆದಿಲ್ಲವಲ್ಲ” ಎಂದಳು.

ಭೌತಶಾಸ್ತ್ರ ಓದುತ್ತಿದ್ದ ನನಗೆ ಇದು ನುಣುಚಿಕೊಳ್ಳುವ ಮಾತಾಗಿ ಕಂಡಿತು. ನನಗೆ ಅಳತೆ ಬೇಕಿತ್ತು. ಅಳೆಯಲು ಹೊರಟವರೂ ಇದ್ದರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1872ರಲ್ಲಿ ಒಂದು ಲೇಖನ ಬರೆದ. ಅಲ್ಲಿನ ಚರ್ಚುಗಳಲ್ಲಿ ರಾಜಮನೆತನದವರ ದೀರ್ಘಾಯುಸ್ಸಿಗಾಗಿ ಎಲ್ಲರೂ ಪ್ರಾರ್ಥಿಸುತ್ತಾರಲ್ಲ, ಅವರು ನಿಜವಾಗಿ ಹೆಚ್ಚು ಕಾಲ ಬದುಕುತ್ತಾರೆಯೇ ಎಂದು ಲೆಕ್ಕ ಹಾಕಿದ. ಉಳಿದ ಶ್ರೀಮಂತ ವರ್ಗಗಳಿಗಿಂತ ಅವರ ಆಯುಸ್ಸು ಕಡಿಮೆಯೇ ಇತ್ತು! ನಾನು ಕೆಲಸಕ್ಕೆ ಸೇರಿದ ಮೇಲೆ, 2006ರಲ್ಲಿ, ಅಮೆರಿಕದ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಇನ್ನೂ ಕಟ್ಟುನಿಟ್ಟಾದ ಪ್ರಯೋಗವೊಂದರ ಫಲಿತಾಂಶ ಪ್ರಕಟಿಸಿದರು. ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳು. ಕೆಲವರಿಗಾಗಿ ಅಪರಿಚಿತರು ಪ್ರಾರ್ಥಿಸಿದರು, ಕೆಲವರಿಗಾಗಿ ಇಲ್ಲ. ತಮಗೆ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂಬುದು ತಿಳಿಯದ ಎರಡು ಗುಂಪುಗಳಲ್ಲಿ ತೊಡಕುಗಳು ಹೆಚ್ಚುಕಡಿಮೆ ಸಮ, ಶೇಕಡ 52 ಮತ್ತು 51. ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದವರಲ್ಲಿ ಶೇಕಡ 59.

ಈ ಅಂಕಿಗಳನ್ನು ನಾನು ತಳ್ಳಿಹಾಕುವುದಿಲ್ಲ. ಪ್ರಾರ್ಥನೆಯನ್ನು ಮಾತ್ರೆಯ ಹಾಗೆ ಪ್ರಮಾಣ ಕಟ್ಟಿ ಕೊಡಬಹುದು ಎನ್ನುವವರಿಗೆ ಅವು ತಕ್ಕ ಉತ್ತರ. (ಪ್ರಾರ್ಥಿಸಿದ್ದೇನೆಂದು ಪುಸ್ತಕ ಮುಚ್ಚಿಡುವವರಿಗೂ.) ಆದರೆ ಗಾಲ್ಟನ್ ಅಳೆದದ್ದೂ ಬೆನ್ಸನ್ ಅಳೆದದ್ದೂ ‘ಕೊಟ್ಟದ್ದನ್ನು’. ಅಮ್ಮ ಬರೆದದ್ದು ‘ಕೇಳಿದ್ದನ್ನು’. ಅದು ಬೇರೆಯೇ ಒಂದು ವಸ್ತು ಎಂದು ನನಗೆ ತಿಳಿದದ್ದು ಗ್ರಂಥಾಲಯದಲ್ಲಲ್ಲ, ಪಾವಗಡ ತಾಲೂಕಿನ ಒಂದು ಹಳ್ಳಿಯಲ್ಲಿ.

ಕುಡಿಯುವ ನೀರಿನ ಫ್ಲೋರೈಡ್ ಕುರಿತು ಚಿತ್ರೀಕರಣಕ್ಕೆ ಹೋಗಿದ್ದೆವು. ಮೂಳೆ ಬಿಗಿದು ನೆಟ್ಟಗೆ ನಿಲ್ಲಲಾಗದ ಅಜ್ಜಿಯೊಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಕಾರ್ಯಕ್ರಮದಲ್ಲಿ ಅದರ ಎರಡು ನಿಮಿಷಕ್ಕಷ್ಟೇ ಜಾಗವೆಂದು ನನಗೆ ಗೊತ್ತಿತ್ತು. ಅವರ ಮಂಡಿಗೆ ನಮ್ಮಿಂದ ಆಗುವುದೇನೂ ಇಲ್ಲವೆಂದು ಅವರಿಗೂ ಗೊತ್ತಿತ್ತು. ಹೊರಟಾಗ ಅಜ್ಜಿ ನನ್ನ ಕೈ ಹಿಡಿದು, “ಇಷ್ಟೊತ್ತು ಕೂತ್ಕಂಡು ಕೇಳಿದ್ಯಲ್ಲಪ್ಪ, ನಿನ್ ಹೊಟ್ಟೆ ತಣ್ಣಗಿರ್ಲಿ” ಎಂದರು. ವ್ಯಾನಿನಲ್ಲಿ ಬರುವಾಗ ಅಮ್ಮನ ಲಕೋಟೆ ನೆನಪಾಯಿತು.

ಆ ರಾತ್ರಿ ಬಹಳ ದಿನಗಳ ನಂತರ ಸತ್ಯವೇದ ತೆಗೆದು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯ ಓದಿದೆ. ಬೇಥಾನ್ಯ ಊರಿನ ಲಾಜರ ಸತ್ತು ನಾಲ್ಕು ದಿನ. ಸಮಾಧಿಯ ಕಲ್ಲು ಸರಿಸಿದರೆ ನಾತ ಹೊಡೆಯುತ್ತದೆ ಎಂದು ಅವನ ಅಕ್ಕ ಮಾರ್ಥಳೇ ಅಡ್ಡ ಬರುತ್ತಾಳೆ. ಕಲ್ಲು ಸರಿಸಿದ ಮೇಲೆ ಯೇಸು ಕಣ್ಣೆತ್ತಿ ತಂದೆಗೆ ವಂದನೆ ಹೇಳುತ್ತಾನೆ. ಇಲ್ಲಿ ಕ್ರಮವನ್ನು ಗಮನಿಸಿ. ಲಾಜರ ಇನ್ನೂ ಹೊರಗೆ ಬಂದಿಲ್ಲ. ಕತ್ತಲಿನ ಗುಹೆ ಇನ್ನೂ ಹಾಗೆಯೇ ಇದೆ. ವಂದನೆ ಸಲ್ಲುವುದು ತನ್ನ ಮಾತಿಗೆ ತಂದೆ ಕಿವಿಗೊಟ್ಟಿದ್ದಾನೆ ಎಂಬುದಕ್ಕೆ. ಸತ್ತವನು ಎದ್ದು ಬರುವುದು ಆಮೇಲೆ.

ನೀವು ತಕ್ಷಣ ಕೇಳಬಹುದು: ಕೈಲಾಗದ ನೀವು ಅಜ್ಜಿಯ ಮಾತು ಕೇಳಿದ್ದು ಬೇರೆ, ಎಲ್ಲವೂ ಕೈಲಾಗುವ ದೇವರು ಕೇಳಿಯೂ ಕೊಡದಿರುವುದು ಬೇರೆ, ಅಲ್ಲವೇ? ಸರಿಯಾದ ಪ್ರಶ್ನೆ. ನನ್ನಲ್ಲಿ ಇದಕ್ಕೆ ಸೂತ್ರವಿಲ್ಲ. ಆದರೆ ಕ್ರೈಸ್ತರು ಈ ಪ್ರಶ್ನೆಯನ್ನು ಮುಚ್ಚಿಟ್ಟಿಲ್ಲ, ತಮ್ಮ ಗ್ರಂಥದ ನಡುಮಧ್ಯದಲ್ಲೇ ಇಟ್ಟಿದ್ದಾರೆ. ಗೆತ್ಸೇಮನೆ ತೋಟದಲ್ಲಿ ಅದೇ ಯೇಸು, ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿಕೊಳ್ಳುತ್ತಾನೆ. ಅದು ತೊಲಗಲಿಲ್ಲ, ಮರುದಿನ ಶಿಲುಬೆ. ಹೀಗಿದ್ದೂ ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ, ಕಣ್ಣೀರಿಟ್ಟು ಮಾಡಿದ ಆತನ ಪ್ರಾರ್ಥನೆಯನ್ನು ದೇವರು ಕೇಳಿದನು ಎಂದೇ ಹೇಳುತ್ತದೆ. ಅದನ್ನು ಬರೆದವರಿಗೆ ಶಿಲುಬೆಯ ವಿಷಯ ಚೆನ್ನಾಗಿ ಗೊತ್ತಿತ್ತು. ಅಮ್ಮನ ವಾಕ್ಯವೂ ಅಲ್ಲಿಂದಲೇ ಬಂದದ್ದಿರಬೇಕು.

ಹಾಗೆಂದು ಪಡೆದದ್ದಕ್ಕೆ ವಂದಿಸಬಾರದು ಎಂದಲ್ಲ. ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಪ್ರತಿವರ್ಷ ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ ಆಚರಿಸುತ್ತಾರೆ. ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳು ಬಿಡಿಸಿ ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ಇನ್ನು ಕ್ರೈಸ್ತ ಆರಾಧನೆಯಲ್ಲಿ ರೊಟ್ಟಿ ಮುರಿಯುವ ಸಂಸ್ಕಾರದ ಗ್ರೀಕ್ ಹೆಸರಾದ ‘ಯೂಕರಿಸ್ತಿಯ’ ಎಂಬುದರ ಅರ್ಥವೇ ಕೃತಜ್ಞತೆ. ಆ ಹೆಸರು ಸಂದಿರುವುದು ಯೇಸು ಹಿಡಿದುಕೊಡಲ್ಪಟ್ಟ ರಾತ್ರಿಯ ಊಟದ ನೆನಪಿಗೆ.

ಅಮ್ಮನಿಗೀಗ ಕಣ್ಣು ಮಂಜಾಗಿದೆ. ಅಪ್ಪ ಹೋದ ತಿಂಗಳು ಬಂದಾಗ ಲಕೋಟೆ ತುಂಬುವ ಕೆಲಸ ನನ್ನದು. ಮೊತ್ತ ವರ್ಷ ವರ್ಷ ಬದಲಾಗುತ್ತದೆ. ಕಾರಣ ಏನೆಂದು ಬರೆಯಲಿ ಎಂದು ಪ್ರತಿ ಸಲ ಕೇಳುತ್ತೇನೆ. “ಹೋದ ವರ್ಷದ್ದೇ ಬರಿ” ಅನ್ನುತ್ತಾಳೆ.