ಯುಗಾದಿ ಹೊತ್ತಿನ ಸಂತೆ



ಯುಗಾದಿಯ ಹಿಂದಿನ ದಿನ ಹಳೇ ಮೈಸೂರು ಕಡೆಯ ಯಾವ ಊರಿನ ಸಂತೆಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಮಾವಿನ ಸೊಪ್ಪಿನ ಹೊರೆ, ಅದರ ಪಕ್ಕದಲ್ಲಿ ಬೇವಿನ ಹೂವಿನ ಗೊಂಚಲು. ತಕ್ಕಡಿಯಿಲ್ಲ, ಎಲ್ಲ ಕಟ್ಟಿನ ಲೆಕ್ಕ. ಹಬ್ಬ ಕಳೆದರೆ ಅದನ್ನು ಕೇಳುವವರಿಲ್ಲ. ಆದ್ದರಿಂದ ಅಲ್ಲಿ ಚೌಕಾಸಿ ಮಾಡಬೇಡಿರೆಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ. ಚೈತ್ರ, ವೈಶಾಖ ಮಾಸಗಳ ಸಂತೆಯಲ್ಲಿ ಯಾವುದು ಆ ಕಾಲಕ್ಕೆ ಸಹಜವಾಗಿ ಒದಗಿದ್ದು, ಯಾವುದು ಅವಸರಪಡಿಸಿ ತಂದದ್ದು ಎಂಬುದೇ ಇಂದಿನ ಮಾತು.

ಇದು ವರ್ಷದ ಹುಣಿಸೇಹಣ್ಣು ಕೊಳ್ಳುವ ಕಾಲ. ಹೊಸ ಹಣ್ಣು ಕಂದುಗೆಂಪಾಗಿರುತ್ತದೆ, ಇಟ್ಟಷ್ಟೂ ಕಪ್ಪಾಗುತ್ತದೆ. ಓಡು ಒಡೆದು, ನಾರು ಎಳೆದು, ಬೀಜ ಕುಟ್ಟಿ ತೆಗೆಯುವುದು ಬಹಳ ಕೈಕೆಲಸ. ಬೀಜ ಬಿಡಿಸಿದ ಹಣ್ಣಿಗೆ ಹೆಚ್ಚು ಬೆಲೆ ಹೇಳಿದರೆ ಅದರಲ್ಲಿ ಅನ್ಯಾಯವೇನೂ ಇಲ್ಲ. ಕೈಯಲ್ಲಿ ಹಿಸುಕಿ ನೋಡಿ. ತೀರಾ ಹಸಿಯಾಗಿದ್ದರೆ ನೀರಿನ ತೂಕಕ್ಕೂ ದುಡ್ಡು ಕೊಟ್ಟಂತೆ. ಮನೆಗೆ ತಂದ ಮೇಲೆ ಬಿಸಿಲಿಗೆ ಹಾಕಿ, ಉಪ್ಪು ಬೆರೆಸಿ ಜಾಡಿಯಲ್ಲಿ ತುಂಬಿಡಿ.

ಬೇವಿಗೆ ಜೊತೆಯಾಗುವ ಬೆಲ್ಲದ ಬಗ್ಗೆಯೂ ಒಂದು ಮಾತು. ನೋಡಲು ಬೆಳ್ಳಗೆ, ಹಳದಿಯಾಗಿ ಹೊಳೆಯುವ ಅಚ್ಚನ್ನೇ ನಾವು ಆರಿಸುತ್ತೇವೆ. ಆ ಬಣ್ಣಕ್ಕಾಗಿಯೇ ಎಷ್ಟೋ ಕಡೆ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ. ಹಿಂದೆ ಆಲೆಮನೆಗಳಲ್ಲಿ ಬೆಂಡೆಗಿಡದ ಲೋಳೆಯಿಂದ ಹಾಲು ತಿಳಿ ಮಾಡುತ್ತಿದ್ದರು. ಕಂದು ಬಣ್ಣದ ಬೆಲ್ಲ ಕೊಳ್ಳುವವರು ಹೆಚ್ಚಿದರೆ ಆಲೆಮನೆಯವರಿಗೂ ಹೈಡ್ರೋಸ್ ಬೇಕಾಗುವುದಿಲ್ಲ.

ಇನ್ನು ಮಾವು. ಚೈತ್ರದಲ್ಲಿ ಅದು ಕಾಯಿಯೇ ಸರಿ. ಮಲೆನಾಡಿನ ಸಾಗರ, ಶಿರಸಿ ಕಡೆಯ ಸಂತೆಗಳಲ್ಲಿ ಅಪ್ಪೆಮಿಡಿ ಬರುವುದೂ ಈ ದಿನಗಳಲ್ಲೇ. ಹೊಳೆದಂಡೆಯ ಕಾಡುಮರಗಳಿಂದ ತೊಟ್ಟು ಮುರಿಯದಂತೆ ಕೊಯ್ದ ಮಿಡಿ ಮಾತ್ರ ಉಪ್ಪಿನಕಾಯಿಯಲ್ಲಿ ಬಾಳುತ್ತದೆ. ನೆಲಕ್ಕೆ ಬಿದ್ದು ಪೆಟ್ಟಾದದ್ದು ಕೊಳೆಯುತ್ತದೆ. ಅಷ್ಟೆತ್ತರದ ಮರ ಹತ್ತಿದವನ ಸಾಹಸವೂ ಅದರ ಬೆಲೆಯಲ್ಲಿದೆ. ಬಯಲುಸೀಮೆಯವರಿಗೆ ಚಿತ್ರಾನ್ನಕ್ಕೆ ಗಿಣಿಮೂತಿ ಸಾಕು.

ತಕರಾರು ಇರುವುದು ಹಣ್ಣಿನಲ್ಲಿ. ಯುಗಾದಿಗೇ ಮಾವಿನಹಣ್ಣು ಬೇಕೆಂದು ಪೇಟೆಯವರು ಕೇಳುತ್ತಾರೆ, ಮೊದಲು ಬಂದ ಬುಟ್ಟಿಗೆ ಹೆಚ್ಚು ಬೆಲೆ. ಮರ ಹೂವಿನಲ್ಲಿರುವಾಗಲೇ ತೋಟವನ್ನು ವರ್ತಕರಿಗೆ ಗುತ್ತಿಗೆ ಕೊಡುವ ರೂಢಿ ನಮ್ಮಲ್ಲಿದೆ. ಆಲಿಕಲ್ಲು, ಗಾಳಿ, ಸಾಲ ಇವುಗಳ ಭಯದಲ್ಲಿರುವ ರೈತನಿಗೆ ಕೈಗೆ ಬಂದ ಮುಂಗಡವೇ ಧೈರ್ಯ, ಅವನನ್ನು ದೂರುವಂತಿಲ್ಲ. ಆದರೆ ಮಾರ್ಚ್ ತಿಂಗಳ ಬೆಲೆಗೆ ಆಸೆಪಟ್ಟು ಬಲಿಯದ ಕಾಯಿ ಕಿತ್ತರೆ ನಷ್ಟ ತಿನ್ನುವವರಿಗೇ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರಬಹುದು. ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿ ಇದೆ. ಆದರೂ ಒಂದು ಸಂಗತಿ: ಎಳೆಯ ಕಾಯಿಗೆ ಯಾವ ಅನಿಲವೂ ರುಚಿ ತುಂಬಲಾರದು. ಸಿಪ್ಪೆ ಹಳದಿ, ಒಳಗೆ ಹುಳಿ.

ಬಲಿತದ್ದನ್ನು ಗುರುತಿಸುವುದು ಕಷ್ಟವಲ್ಲ. ತೊಟ್ಟಿನ ಎರಡೂ ಕಡೆ ಭುಜ ಉಬ್ಬಿ, ತೊಟ್ಟು ಕುಳಿಯಲ್ಲಿ ಕೂತಂತೆ ಕಾಣಬೇಕು. ಬಕೆಟ್ ನೀರಿಗೆ ಹಾಕಿದರೆ ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಅಂಥ ಕಾಯಿಯನ್ನೇ ತಂದು ಭತ್ತದ ಹುಲ್ಲಿನಲ್ಲಿ ಮುಚ್ಚಿಡಿ, ಮನೆಯೆಲ್ಲ ಘಮಘಮಿಸುವ ಹೊತ್ತಿಗೆ ಹಣ್ಣು ಸಿದ್ಧ. ರಾಮನಗರದ ಕಡೆಯ ಬಾದಾಮಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಶುರು. ಕೋಲಾರದ ಶ್ರೀನಿವಾಸಪುರದ ಫಸಲು ಮೇ, ಜೂನ್‌ಗೆ. ಅಲ್ಲಿಯವರೆಗೆ ಕರಬೂಜ, ಕಲ್ಲಂಗಡಿ, ತಾಟಿನುಂಗು ಇವೆಯಲ್ಲ! ಎಳೆ ಹಲಸಿನಕಾಯಿಯೂ ಈಗಲೇ. ಕರಾವಳಿಯವರು ಗುಜ್ಜೆ ಎನ್ನುತ್ತಾರೆ. ಕೊಯ್ಯುವಾಗ ಕೈಗೆ, ಕತ್ತಿಗೆ ಎಣ್ಣೆ ಸವರುವುದನ್ನು ಮರೆಯಬೇಡಿ.

ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ, ಮಂಡಿಯಿಂದ ತಂದು ಮಾರುವವರೂ ಇದ್ದಾರೆ. ಅವರದೂ ದುಡಿಮೆಯೇ. "ಅಮ್ಮಾ, ಮರ ನಿಮ್ಮದೇನಾ? ಯಾವಾಗ ಕಿತ್ತಿದ್ದು?" ಎಂದು ಕೇಳಿ. ಬೆಳೆದವರಾದರೆ ಕೇಳದ ಸಂಗತಿಯನ್ನೂ ಹೇಳುತ್ತಾರೆ.

ಅಶ್ವಿನಿ, ಭರಣಿ ಮಳೆ ಬಿದ್ದ ಮೇಲೆ ಇನ್ನೊಮ್ಮೆ ಹೋಗಿ. ಹೊಲದ ಬದುಗಳಲ್ಲಿ ತಾನಾಗಿ ಎದ್ದ ಅಣ್ಣೆ, ಗಣಿಕೆ ಮೊದಲಾದವು ಸೇರಿದ ಬೆರಕೆ ಸೊಪ್ಪು ಬಂದಿರುತ್ತದೆ. ಗುರುತು ಸಿಗದ ಎಲೆ ಕಂಡರೆ ಮಾರುವ ಅಜ್ಜಿಯನ್ನೇ ಕೇಳಿ. ಮಸ್ಸೊಪ್ಪಿಗೋ ಪಲ್ಯಕ್ಕೋ ಅವರೇ ಹೇಳುತ್ತಾರೆ. ಬೆಳಿಗ್ಗೆ ಎಂಟರೊಳಗೆ ಹೋಗಿ. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ, ಅಜ್ಜಿಗೂ ಊರಿನ ಬಸ್ಸು ಹಿಡಿಯಬೇಕಿರುತ್ತದೆ.